ಮ್ಯಾಗ್ನೈಟ್‌ಗೆ 10 ವರ್ಷ ವಾರಂಟಿ ಅಂತೆ, ಕಂಪನಿ 10 ವರ್ಷ ಇಲ್ಲೇ ಇರುತ್ತಾ?

ಶಿರಸಿ_ಅಡಿಕೆ

ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟು ಹೋಗಿದೆ, ಅಲ್ಲಿ ಎಲ್ಲಾ ಕಾರೂ ಸೂಪರ್ರೇ, ಅದಕ್ಕೆ ಇಲ್ಲಿ ಕೇಳ್ತಾ ಇದೀನಿ. ನಮ್ಮನೇಲಿ ಇರೋದು 2009ರ ಒಂದು ಸಣ್ಣ ಗಾಡಿ. ಅಪ್ಪಂಗೆ 68 ಆಯ್ತು, ತಿಂಗಳಿಗೆ ಎರಡು ಸಲ ಕುಮಟಾಕ್ಕೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು, ದೇವಿಮನೆ ಘಟ್ಟ ಹತ್ತೋವಾಗ ಎಸಿ ಆಫ್ ಮಾಡಿ ಕಿಟಕಿ ಇಳಿಸಿ ದೇವರ ಹೆಸರು ಹೇಳ್ಕೊಂಡು ಹತ್ಸೋ ಪರಿಸ್ಥಿತಿ. ಈ ಸಲ ಅಡಿಕೆ ದುಡ್ಡು ಕೈಗೆ ಬಂದಿದೆ, ಅದು ಮದುವೆ ಮುಂಜಿ ಅಂತ ಕರಗೋದ್ರೊಳಗೆ ಒಂದು ಹೊಸ ಕಾರು ತಂದುಬಿಡೋಣ ಅಂತ. ಆನ್‌ರೋಡ್ 9 ಲಕ್ಷ, ಅದರ ಮೇಲೆ ಇಲ್ಲ.

ಕಣ್ಣಿಗೆ ಬಿದ್ದಿರೋದು ನಿಸ್ಸಾನ್ ಮ್ಯಾಗ್ನೈಟ್. ಜಿಎಸ್‌ಟಿ 18%ಗೆ ಇಳಿದ ಮೇಲೆ ರೇಟು ಚೆನ್ನಾಗಿದೆ, ಒಳಗೆ ಜಾಗ ಇದೆ, ಅಮ್ಮ ಸೀಟಲ್ಲಿ ಕೂತು ನೋಡಿ ಇದೇ ಇರ್ಲಿ ಅಂದ್ಲು. ಜೊತೆಗೆ 3 ವರ್ಷದ ಮಾಮೂಲಿ ವಾರಂಟಿ ಮೇಲೆ ದುಡ್ಡು ಕಟ್ಟಿದ್ರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರ್ ತನಕ ಎಕ್ಸ್‌ಟೆಂಡೆಡ್ ವಾರಂಟಿ ಅಂತಿದಾರೆ.

ಇಲ್ಲೇ ನಂಗೆ ಅನುಮಾನ ಶುರುವಾಗಿದ್ದು. ಇದೇ ಕಂಪನಿ ಡಾಟ್ಸನ್ ಅಂತ 2014ರಲ್ಲಿ ತಂದು 2022ರಲ್ಲಿ ಬಾಗಿಲು ಹಾಕ್ತು, ಎಂಟೇ ವರ್ಷ. ಎಂಟು ವರ್ಷಕ್ಕೆ ಬ್ರ್ಯಾಂಡ್ ಮುಚ್ಚಿದೋರು ಹತ್ತು ವರ್ಷ ವಾರಂಟಿ ಕೊಡ್ತೀವಿ ಅಂದ್ರೆ ನಂಬೋದು ಹೆಂಗೆ? ಸರ್ವಿಸ್‌ಗೆ ನಾನು ಹುಬ್ಬಳ್ಳಿಗೇ ಹೋಗ್ಬೇಕು, 100 ಕಿಮೀ ಹತ್ರ. ಭಾವ ಅಂತೂ "ಅಗ್ಗದ ಕಾರು, ಅಗ್ಗದ ಮಾತು" ಅಂತ ಕೈ ಝಾಡಿಸಿಬಿಟ್ಟ. ಇಟ್ಕೊಂಡಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಬನಶಂಕರಿ_ಬಸ್ಯ

ಗುರು ಸಿಂಪಲ್. ಕಣ್ಮುಚ್ಕೊಂಡು ಮಾರುತಿ ತಗೋ. ಶಿರಸೀಲೇ ರಿಪೇರಿ ಆಗುತ್ತೆ. ಮುಂದಿನ ಪ್ರಶ್ನೆ?

ಹುಬ್ಳಿ_ಮಂದಿ

ಬಸ್ಯಾ ಅವರು ಹೇಳಿದ್ದು ತಪ್ಪಲ್ಲ, ಆದ್ರ ಅವರು ಕೇಳಿದ್ದು ಅದಲ್ಲ ನೋಡ್ರಿ.

ಕಂಪನಿ ಬಾಗ್ಲಾ ಹಾಕ್ಕೊಂಡು ಹೋದ್ರ ಏನಾಗ್ತೈತಿ ಅಂತ ನನ್ನ ಕೇಳ್ರಿ, ನಂದು ಬಂದ್ ಆದ ಕಂಪನಿ ಗಾಡಿನ ಐತಿ. ಯಾವುದು ಅಂತ ಕೇಳಬ್ಯಾಡ್ರಿ, ಈ ದೇಶದಾಗ ಅಂಥವು ಬೇಕಾದಷ್ಟು ಆಗ್ಯಾವ, ಶೆವರ್ಲೆ 2017ಕ್ಕ ಮಾರೋದು ನಿಲ್ಲಿಸ್ತು, ಫೋರ್ಡ್ 2021ರಾಗ ಫ್ಯಾಕ್ಟರಿ ಮುಚ್ಚತೀವಿ ಅಂತು, ಡಾಟ್ಸನ್ 2022. ನಾ ಗಾಡಿ ತಗೊಂಡ ಶೋರೂಮ್ ಈಗ ಸೋಫಾ ಅಂಗಡಿ ಆಗೈತಿ. ನಾ ಡೆಲಿವರಿ ತಗೊಂಡಾಗ ಹಾರ ಹಾಕಿ ಫೋಟೋ ಹೊಡದ ಜಾಗಾದಾಗ ಈಗ ದಿವಾನ್ ಇಟ್ಟಾರ, ಒಮ್ಮೆ ಹೋಗಿ ಅದರ ಮ್ಯಾಲೆ ಕುಂತು ಬಂದೆ.

ಸರ್ವಿಸ್ ನಿಂತಿಲ್ಲ, ಅದನ್ನ ಮೊದಲ ಹೇಳತೀನಿ. ಬ್ಯಾರೆ ಒಂದು ವರ್ಕ್‌ಶಾಪಿಗೆ ಕೊಟ್ಟಾರ, ಅಲ್ಲಿ ಮಾಡ್ತಾರ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಬೆಲ್ಟ್ ಇವಕ್ಕ ಯಾವತ್ತೂ ತೊಂದ್ರಿ ಆಗಿಲ್ಲ. ತೊಂದ್ರಿ ಬಂದದ್ದು ಹೊರಗಿನ ಸಾಮಾನಿಗೆ. ಹೋದ ವರ್ಷ ಒಂದು ಟಂಟಂ ಬಂದು ಎಡಗಡೆ ಹೆಡ್‌ಲೈಟಿಗೆ ಮುತ್ತು ಕೊಟ್ಟು ಹೋತು, ಆ ಹೆಡ್‌ಲೈಟ್ ಬರೂದಕ್ಕ 41 ದಿನ. ಅಲ್ಲೀತನಕ ಒಂದ ಕಣ್ಣಿನ ಗಾಡಿ. ಇನ್ಶೂರೆನ್ಸ್‌ನವರು ರೊಕ್ಕಾ ಕೊಡಾಕ ತಯಾರ ಇದ್ರು, ಸಾಮಾನ ಬರಬೇಕಲ್ಲ? ಎಂಜಿನ್ ಸಾಮಾನು ಬ್ಯಾರೆ ಗಾಡಿಗೂ ಬರ್ತಾವ ಅದಕ್ಕ ಸಿಗ್ತಾವ, ಬಂಪರ್ ಹೆಡ್‌ಲೈಟ್ ಡೋರ್ ಆ ಗಾಡಿಗಷ್ಟ ಮಾಡಿದ್ದು, ಅವು ಸಿಗೂದಿಲ್ಲ. ಮತ್ತ ಮಾರಾಕ ಹೋದ್ರ ರೇಟ್ ಕೇಳಿ ಕಣ್ಣೀರ ಬರ್ತೈತಿ, ಅದಕ್ಕ ಮಾರಿಲ್ಲ.

ಮ್ಯಾಗ್ನೈಟ್ ವಿಷಯಕ್ಕ ಬಂದ್ರ, ಅದು 2020ರ ಡಿಸೆಂಬರದಿಂದ ಮಾರಾಟದಾಗ ಐತಿ, ರೆನೋ ಕೈಗರ್ ಅದರ ಅವಳಿ, ಎಂಜಿನ್ ಎಲ್ಲಾ ಅದ. ಚೆನ್ನೈ ಹತ್ತಿರ ಒರಗಡಂದಾಗ ಎರಡೂ ಒಂದ ಫ್ಯಾಕ್ಟರಿಯೊಳಗ ತಯಾರಾಗತಾವ. ಆ ಫ್ಯಾಕ್ಟರಿಯಾಗ ನಿಸ್ಸಾನ್‌ದು 51% ಪಾಲಿತ್ತು, ಅದನ್ನ ರೆನೋಕ್ಕ ಮಾರತೀವಿ ಅಂತ 2025ರ ಮಾರ್ಚ್‌ನಾಗ ಹೇಳಿದ್ರು. ಅದನ್ನ ಕೇಳಿದ ಕೂಡಲೇ ಮಂದಿ "ಆತು, ಹೊಂಟ್ರು ಇವರು" ಅಂತ ಸುದ್ದಿ ಹಬ್ಸಿದ್ರು, ಆದ್ರ ಮ್ಯಾಗ್ನೈಟ್ ಅಲ್ಲೇ ತಯಾರಾಗಾಕತ್ತೈತಿ, ಹೊರದೇಶಕ್ಕೂ ಹೊಂಟೈತಿ, ಟೆಕ್ಟಾನ್ ಅಂತ ಹೊಸಾದು ತರ್ತೀವಿ ಅಂತ ಬ್ಯಾರೆ ಹೇಳ್ಯಾರ. ನಾಳೆ ಹೋದ್ರೂ ಎಂಜಿನ್ ಸಾಮಾನಿಗೆ ನೀವು ಅನಾಥರಾಗೂದಿಲ್ಲ ಅಂತ ನನ್ನ ಲೆಕ್ಕ. ಹೆಡ್‌ಲೈಟಿಗೆ ಮಾತ್ರ ಗ್ಯಾರಂಟಿ ಕೊಡಾಂಗಿಲ್ಲ ನಾ.

ಕುಡ್ಲದ_ಸ್ಪ್ಯಾನರ್

ನಾನು ಆರು ವರ್ಷ ಸರ್ವಿಸ್ ಅಡ್ವೈಸರ್ ಆಗಿ ಕೆಲಸ ಮಾಡಿದವ, ಈಗ ಬಿಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಬಾಯಿ ಬಿಡಬಹುದು. ಯಾವ ಕಂಪನಿ ಅಂತ ಹೇಳುದಿಲ್ಲ, ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಕತೆ ಮಾರಾಯ್ರೆ.

ನೀವು ವರ್ಷ ಎಣಿಸ್ತಾ ಇದ್ದೀರಿ, ಅಲ್ಲಿಯೇ ತಪ್ಪುದು. ವಾರಂಟಿ ಅಂದ್ರೆ ತಯಾರಿಯಲ್ಲಿ ದೋಷ ಇದ್ರೆ ಮಾತ್ರ. ಸವೆಯುವ ಸಾಮಾನು ಯಾವುದೂ ಅದರಲ್ಲಿ ಇಲ್ಲ, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬು, ರಬ್ಬರ್ ಬುಷ್ ಇದೆಲ್ಲ ನಿಮ್ಮ ಕಿಸೆಯಿಂದಲೇ. ಟಯರ್ ಬ್ಯಾಟರಿ ಅದನ್ನು ಮಾಡಿದ ಕಂಪನಿಯವರದ್ದು, ಅವರ ಹತ್ರ ಹೋಗ್ಬೇಕು. ಇಷ್ಟು ತೆಗೆದ ಮೇಲೆ ಉಳಿದದ್ದು ಎಂತ? ಎಂಜಿನ್, ಗೇರ್‌ಬಾಕ್ಸ್, ಸ್ಟೇರಿಂಗ್, ಇಸಿಎಂ ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರ್, ಸೆನ್ಸರ್, ಎಸಿ. ದೊಡ್ಡ ಖರ್ಚಿನದ್ದು ಅದೇ, ಹಾಗಾಗಿ ವಾರಂಟಿ ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಹತ್ತು ವರ್ಷದ ಪ್ಲಾನ್ ತಗೊಳ್ಳುವಾಗ ಒಂದು ಪ್ರಶ್ನೆ ಕೇಳಿಯೇ ಕೇಳಿ: ಕೊನೆಯ ವರ್ಷದಲ್ಲಿಯೂ ಎಲ್ಲ ಕವರ್ ಉಂಟಾ, ಇಲ್ಲ ಎಂಜಿನ್ ಗೇರ್‌ಬಾಕ್ಸ್ ಮಾತ್ರವಾ? ಅದನ್ನು ಬಾಯಲ್ಲಿ ಅಲ್ಲ, ಕಾಗದದಲ್ಲಿ ತೋರಿಸ್ಲಿ. ಮತ್ತೆ ಗಾಡಿ ಮಾರಿದ್ರೆ ವಾರಂಟಿ ಹೊಸ ಓನರ್‌ಗೆ ಹೋಗ್ತದಾ ಅಂತಲೂ ಕೇಳಿ.

ಈಗ ಕ್ಲೈಮ್ ಹೇಗೆ ಪಾಸಾಗ್ತದೆ ಅಂತ ಒಂದು ಉದಾಹರಣೆ ಹೇಳ್ತೇನೆ. ಒಬ್ಬರು ಮೇಷ್ಟ್ರು ಬಂದಿದ್ರು, ಎಸಿ ತಣ್ಣಗಾಗುದಿಲ್ಲ ಅಂತ, ವಾರಂಟಿ ಮುಗಿದು ಹದಿನೆಂಟು ದಿನ ಆಗಿತ್ತು. ಬಂಪರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ರೆ ಎಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್‌ನಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಎಣ್ಣೆ ಜಿಡ್ಡು. ಅಲ್ಲಿಯ ಫಿನ್, ಅಂದ್ರೆ ತೆಳು ತಗಡಿನ ಪಟ್ಟಿ, ಒಳಗೆ ಮಡಚಿಕೊಂಡಿದ್ರೆ ಕಲ್ಲು ಹೊಡೆದದ್ದು ಅಂತ ಲೆಕ್ಕ, ಕ್ಲೈಮ್ ರಿಜೆಕ್ಟ್, ಇನ್ಶೂರೆನ್ಸ್‌ಗೆ ಹೋಗಿ ಅಂತೇವೆ. ಫಿನ್ ನೆಟ್ಟಗೆ ಇದ್ದು ಜೋಡಣೆಯ ಹತ್ರ ಜಿಡ್ಡು ಇದ್ರೆ ಒಳಗಿನ ಲೀಕು, ಅದು ವಾರಂಟಿ. ಇವರದ್ದು ನೆಟ್ಟಗೆ ಇತ್ತು, ಆದ್ರೆ ದಿನ ಮುಗಿದಿದೆಯಲ್ಲ? ಆಗ ಮೇಷ್ಟ್ರು ಬ್ಯಾಗಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದ್ರು, ಅದರಲ್ಲಿ ಗಾಡಿ ಬಿಡುವಾಗ ಕಂಪ್ಲೇಂಟು ಬರೆದು ಕೊಡುವ ಚೀಟಿ, ಎಂಟು ತಿಂಗಳ ಹಿಂದಿನ ಜಾಬ್‌ಕಾರ್ಡು, "ಎಸಿ ಕೂಲಿಂಗ್ ಕಡಿಮೆ, ಗ್ಯಾಸ್ ಟಾಪ್‌ಅಪ್ ಮಾಡಿದೆ" ಅಂತ ನಮ್ಮದೇ ಅಕ್ಷರ. ಅದರ ಫೋಟೋ ಹಾಕಿ ಕಳಿಸಿದೆ, ಮೂರನೇ ದಿನ ಪಾಸು. ಆ ಚೀಟಿ ಇಲ್ಲದಿದ್ರೆ ದೇವರು ಬಂದ್ರೂ ಆಗ್ತಿರಲಿಲ್ಲ.

ಹಾಗಾಗಿ ಜಾಬ್‌ಕಾರ್ಡಿನಲ್ಲಿ ನಿಮ್ಮ ಕಂಪ್ಲೇಂಟು ನೀವು ಹೇಳಿದ ಹಾಗೆಯೇ ಬರೆಸಿ. "ಜನರಲ್ ಚೆಕಪ್" ಅಂತ ಬರೀಲಿಕ್ಕೆ ಬಿಡ್ಬೇಡಿ, ನಮಗೆ ಟೈಪ್ ಮಾಡ್ಲಿಕ್ಕೆ ಉದಾಸೀನ ಆಗಿ ಹಾಗೆ ಬರೆಯುದು. ಎರಡನೇ ಗೇರಲ್ಲಿ ಸೌಂಡ್ ಬರ್ತದಾ, ಹಾಗೇ ಬರೆಸಿ, ಕಿಲೋಮೀಟರ್ ಬರೆಸಿ, ಒಂದು ಕಾಪಿ ಇಟ್ಕೊಳ್ಳಿ.

ಆ ಮತ್ತೆ, ಇಲಿ. ಘಟ್ಟದ ಮೇಲಿನವರ ಗಾಡಿ ಬಂದ್ರೆ ನಾವು ಬಾನೆಟ್ ತೆಗೆದು ಮೊದಲು ನೋಡುದೇ ಇಲಿ ಹಿಕ್ಕೆ. ವೈರಿಂಗ್ ಇಲಿ ಕಚ್ಚಿದ್ದಕ್ಕೆ ಯಾವ ವಾರಂಟಿಯೂ ಇಲ್ಲ, ಹತ್ತು ವರ್ಷದ್ದೂ ಇಲ್ಲ ಐವತ್ತು ವರ್ಷದ್ದೂ ಇಲ್ಲ.

ಬನಶಂಕರಿ_ಬಸ್ಯ

ಇಷ್ಟೆಲ್ಲಾ ಫೈಲು ಹಿಡ್ಕೊಂಡು ಅಲೆಯೋ ಬದ್ಲು ಮಾರುತಿ ತಗೊಳ್ಳಿ ಅಂದೆ ಅಷ್ಟೇ 🙏 ಅವರೂ ಈಗ 3 ವರ್ಷ 1 ಲಕ್ಷ ಕಿಮೀ ಕೊಡ್ತಾರೆ.

ಟ್ರಾಯ್_ಮೈಸೂರಿಗ

ಬಸ್ಯ ಸಾರ್, ಮಾರುತಿ ಅದನ್ನ ಕೊಟ್ಟಿದ್ದು 2024ರ ಜುಲೈಯಿಂದ, ಅದಕ್ಕೆ ಮುಂಚೆ 2 ವರ್ಷ 40,000 ಕಿಮೀ ಅಷ್ಟೇ ಇತ್ತು, ಆಗಲೂ ದೇಶದಲ್ಲಿ ಜಾಸ್ತಿ ಮಾರ್ತಿದ್ದೋರು ಅವರೇ. ಜನ ನಂಬಿದ್ರೆ ವಾರಂಟಿ ಕಮ್ಮಿ ಇದ್ರೂ ನಡೆಯುತ್ತೆ, ನಂಬ್ದೇ ಇದ್ರೆ ಜಾಸ್ತಿ ಕೊಡ್ಬೇಕಾಗುತ್ತೆ.

ನಾನು ಮಿಶಿಗನ್‌ನಲ್ಲಿ ಇದೀನಿ, ಇಲ್ಲಿ ಈ ಕತೆ ಹಳೇದು. ಹ್ಯುಂಡೈ 1986ರಲ್ಲಿ ಎಕ್ಸೆಲ್ ಅಂತ ಅಗ್ಗದ ಕಾರು ತಂದು ಇಲ್ಲಿ ಸಿಕ್ಕಾಪಟ್ಟೆ ಮಾರ್ತು, ಆಮೇಲೆ ಗುಣಮಟ್ಟದಲ್ಲಿ ಹೆಸರು ಕೆಡಿಸ್ಕೊಂಡು, ಟಿವಿ ಶೋಗಳಲ್ಲಿ ಜೋಕ್ ಆಗಿಹೋಯ್ತು. ಆಮೇಲೆ 1998ರಲ್ಲಿ ಎಂಜಿನ್ ಗೇರ್‌ಬಾಕ್ಸಿಗೆ 10 ವರ್ಷ 1 ಲಕ್ಷ ಮೈಲಿ ವಾರಂಟಿ ಅಂತ ಅನೌನ್ಸ್ ಮಾಡಿದ್ರು. ನಿಮ್ಮ ಭಾವ ಹೇಳಿದ ಮಾತನ್ನೇ ಅವತ್ತು ಇಲ್ಲಿಯವರೂ ಹೇಳಿರ್ತಾರೆ. ಆದ್ರೆ ಅವರು ಉಳ್ಕೊಂಡ್ರು, ಕಾರೂ ಸುಧಾರಿಸ್ತು, ಯಾಕಂದ್ರೆ ಹತ್ತು ವರ್ಷದ ರಿಪೇರಿ ಬಿಲ್ಲು ತಾವೇ ಕಟ್ಬೇಕು ಅಂತಾದ್ರೆ ಫ್ಯಾಕ್ಟರೀಲಿ ಬೋಲ್ಟು ಸರಿಯಾಗಿ ಬಿಗೀತಾರೆ. ಆದ್ರೂ ಅಲ್ಲಿಗೇ ಮುಗೀಲಿಲ್ಲ, ಆಮೇಲೆ ಅವರದ್ದೇ ಥೀಟಾ 2 ಅನ್ನೋ ಎಂಜಿನ್ ಸೀಜ್ ಆಗೋಕೆ ಶುರುವಾಗಿ ರೀಕಾಲ್, ಕೇಸು ಎಲ್ಲಾ ಆಗಿ 2019ರಲ್ಲಿ ಆ ಎಂಜಿನ್‌ಗೆ ಲೈಫ್‌ಟೈಮ್ ವಾರಂಟಿ ಕೊಡೋ ಹಾಗಾಯ್ತು. ಲೈಫ್‌ಟೈಮ್ ಅನ್ನೋ ಪದ ಕೇಳಿ ಆಹಾ ಅನ್ನಬೇಡಿ, ಅದು ಎಂಜಿನ್ ಹಾಳಾಗಿದ್ದಕ್ಕೆ ಬಂದಿದ್ದು.

ಇನ್ನೊಂದು, ಇಲ್ಲಿ ಆ 10 ವರ್ಷ ಮೊದಲನೇ ಓನರಿಗೆ ಮಾತ್ರ, ಎರಡನೇ ಕೈಗೆ ಹೋದ್ರೆ 5 ವರ್ಷ 60,000 ಮೈಲಿಗೆ ಇಳಿಯುತ್ತೆ. ಸ್ಪ್ಯಾನರ್ ಸಾರ್ ಹೇಳಿದ ಪ್ರಶ್ನೆ ಸುಮ್ನೆ ಅಲ್ಲ.

ಒರಗಡಂ ಬಗ್ಗೆ ಹುಬ್ಳಿಯವರು ಹೇಳಿದ್ದು ನಂಗೆ ಹೊಸ ವಿಷಯ, ಥ್ಯಾಂಕ್ಸ್. ದಿವಾನ್ ಮೇಲೆ ಕೂತು ಬಂದಿದ್ದು ಓದಿ ಆಫೀಸಲ್ಲಿ ಒಬ್ನೇ ನಗ್ತಾ ಇದೀನಿ.

ಶಿರಸಿ_ಅಡಿಕೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಒಂದು ಡೌಟು. ಪ್ರತಿ ಸಲ ಹುಬ್ಬಳ್ಳಿಗೆ ಹೋಗೋದು ಅಂದ್ರೆ ಒಂದು ದಿನ ಹೋಯ್ತು. ಇಲ್ಲಿ ನಮ್ಮ ಮೆಕ್ಯಾನಿಕ್ ಇದಾನೆ, ಅಪ್ಪನ ಕಾಲದಿಂದ ಗೊತ್ತು, ಅವನ ಹತ್ರ ಆಯಿಲ್ ಬದಲಾಯಿಸಿದ್ರೆ ವಾರಂಟಿ ಹೋಗುತ್ತಾ?

ಮತ್ತೆ ಘಟ್ಟಕ್ಕೆ ಟರ್ಬೋ ಬೇಕೇ ಬೇಕಾ, ಸಾದಾ ಎಂಜಿನ್ ಸಾಕಾ?

ಮಲ್ನಾಡ್_ಮಳೆ

ತೀರ್ಥಹಳ್ಳಿಯಿಂದ. ಘಟ್ಟ ಅಂದಿದ್ದಕ್ಕೆ ಬರೀತಿದೀನಿ.

ನಮ್ಮ ಷಡ್ಕ ಒಂದು ಹೊಸ ಕಾರು ತಗೊಂಡ, ಬಜೆಟ್ ಕಾರೇ, ಕಂಪನಿ ಹೆಸರು ಬೇಡ. 7,800 ಕಿಮೀಗೆ ಆಗುಂಬೆ ಘಾಟಿ ಹತ್ತೋವಾಗ ವಾಸನೆ ಶುರುವಾಯ್ತು. ಒಲೆ ಮೇಲೆ ರಬ್ಬರ್ ಚಪ್ಪಲಿ ಇಟ್ರೆ ಹೆಂಗೆ ಬರುತ್ತೋ ಹಂಗೆ. ಏಳನೇ ತಿರುವಲ್ಲಿ ಮುಂದೆ ಬಸ್ಸು ನಿಂತಿತ್ತು, ಇವನು ಹಿಂದೆ ಅರ್ಧ ಕ್ಲಚ್ಚಲ್ಲೇ ಗಾಡಿ ಹಿಡ್ಕೊಂಡು ನಿಂತಿದ್ದ, ಅದು ನಿಜ. ವರ್ಕ್‌ಶಾಪಲ್ಲಿ ಬಿಚ್ಚಿ ಪ್ರೆಷರ್ ಪ್ಲೇಟ್ ಕೈಗೆ ಕೊಟ್ರು, ನವಿಲುಗರಿ ಥರ ನೀಲಿ ಬಣ್ಣ ಬಂದಿತ್ತು. "ನೋಡಿ ಸರ್, ಹೀಟ್ ಆಗಿದೆ, ಡ್ರೈವಿಂಗ್ ಹ್ಯಾಬಿಟ್" ಅಂತ ಹೇಳಿ 14,600 ಬಿಲ್ಲು. ಇವನು 22 ವರ್ಷದಿಂದ ಜೀಪು ಓಡ್ಸಿದೋನು, ಅವನಿಗೆ ಡ್ರೈವಿಂಗ್ ಹ್ಯಾಬಿಟ್ ಅಂದ್ರೆ ಬಿಡ್ತಾನಾ, ಅಲ್ಲೇ ಜಗಳ.

ಜಗಳದಿಂದ ಏನೂ ಆಗ್ಲಿಲ್ಲ. ಆಮೇಲೆ 1915ಕ್ಕೆ ಫೋನ್ ಮಾಡಿದ್ವಿ, ಅದು ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದ್ರು, ದೂರು ಬರ್ಕೊಂಡು ನಂಬರ್ ಕೊಟ್ರು. ಎರಡು ವಾರದ ಮೇಲೆ ಕಂಪನಿಯವರೇ ಫೋನ್ ಮಾಡಿ ಸಾಮಾನಿನ ದುಡ್ಡು ನಮ್ದು, ಕೂಲಿ ನಿಮ್ದು ಅಂತ ರಾಜಿಗೆ ಬಂದ್ರು. ಅದೂ ಯಾಕೆ ಅಂದ್ರೆ 3,000 ಕಿಮೀಗೇ "ಕ್ಲಚ್ ಮೇಲಕ್ಕೆ ಬಂದು ಹಿಡೀತಿದೆ" ಅಂತ ಫಸ್ಟ್ ಸರ್ವಿಸಲ್ಲಿ ಬರೆಸಿದ್ದ. ಸ್ಪ್ಯಾನರ್ ಅವರು ಹೇಳಿದ್ದು ಅಕ್ಷರಶಃ ಸತ್ಯ.

ರಾಜಿಗೆ ಬರ್ದೇ ಇದ್ದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದು ಅಂತ ತಯಾರಾಗಿದ್ವಿ, ಅದಕ್ಕೆ ಸ್ವಲ್ಪ ತಿಳ್ಕೊಂಡಿದ್ದೆ. 2019ರ ಕಾಯಿದೆ ಪ್ರಕಾರ ನೀವು ಇರೋ ಜಿಲ್ಲೆಯಲ್ಲೇ ಹಾಕಬಹುದು, ಶೋರೂಮ್ ಹುಬ್ಬಳ್ಳೀಲಿ ಇದ್ರೂ ನೀವು ಕಾರವಾರದಲ್ಲಿ ಹಾಕಬಹುದು, ಅವರು ಅಲ್ಲಿಗೆ ಬರ್ಬೇಕು. ಕೊಟ್ಟ ಬೆಲೆ 5ರಿಂದ 10 ಲಕ್ಷ ಇದ್ರೆ ಫೀಸು 200 ರೂಪಾಯಿ, 5 ಲಕ್ಷದ ಒಳಗಿದ್ರೆ ಅದೂ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದ್ರೆ ಆದ ಎರಡು ವರ್ಷದೊಳಗೆ ಹಾಕ್ಬೇಕು. ಬೇಗ ಮುಗಿಯುತ್ತೆ ಅಂತ ಮಾತ್ರ ಅಂದ್ಕೋಬೇಡಿ.

ಸಾದಾ ಎಂಜಿನ್ ಸಾಕಾ ಅಂದ್ರೆ, ಅದು 1 ಲೀಟರ್ ಮೂರು ಸಿಲಿಂಡರ್, 72 ಪಿಎಸ್ ಶಕ್ತಿ. ಅಪ್ಪ ಅಮ್ಮ ನೀವು ಮೂರು ಜನ ಆದ್ರೆ ಹತ್ತುತ್ತೆ, ಎಸಿ ಹಾಕಿ ಐದು ಜನ ಅಕ್ಕಿ ಮೂಟೆ ಅಂದ್ರೆ ಎರಡನೇ ಗೇರಲ್ಲೇ ಜೀವನ. ಟೆಸ್ಟ್ ಡ್ರೈವ್ ಹುಬ್ಬಳ್ಳಿ ಬೈಪಾಸಲ್ಲಿ ಮಾಡ್ಬೇಡಿ, ಅಲ್ಲಿ ಎಲ್ಲಾ ಗಾಡೀನೂ ಕುದುರೆನೇ. ಎಲ್ಲಾದ್ರೂ ಏರು ನೋಡಿ, ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ ಎತ್ತಿ ನೋಡಿ.

ಕುಡ್ಲದ_ಸ್ಪ್ಯಾನರ್

ಮೆಕ್ಯಾನಿಕ್ ಪ್ರಶ್ನೆಗೆ. ಕಾಗದದ ಮೇಲೆ ಒಂದು, ಕೌಂಟರಿನ ಮೇಲೆ ಒಂದು. 2014ರ ಆಗಸ್ಟಲ್ಲಿ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ, 14 ಕಾರು ಕಂಪನಿಗಳಿಗೆ 2,544 ಕೋಟಿ ದಂಡ ಹಾಕಿತ್ತು, ಬಿಡಿಭಾಗ ಹೊರಗೆ ಸಿಗದ ಹಾಗೆ ಕಟ್ಟಿಹಾಕಿದ್ದಕ್ಕೆ. ಅದೇ ಆದೇಶದಲ್ಲಿ ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಅಂತ ಸಾರಾಸಗಟು ಶರತ್ತು ಹಾಕಬಾರದು ಅಂತಲೂ ಹೇಳಿತ್ತು. ಸರಿ, ಆದ್ರೆ ನೀವು ಕೌಂಟರಿಗೆ ಬಂದು ಆದೇಶ ಓದಿದ್ರೆ ನನ್ನಂಥವ ಹೇಳುದು ಒಂದೇ, "ಸರ್ ಸಿಸ್ಟಮ್‌ನಲ್ಲಿ ಸರ್ವಿಸ್ ಹಿಸ್ಟರಿ ತೋರಿಸ್ತಾ ಇಲ್ಲ". ಎಂಜಿನ್ ಕ್ಲೈಮಿಗೆ ಮೊದಲು ನೋಡುದೇ ಆಯಿಲ್ ಟೈಮಿಗೆ ಬದಲಾಯಿಸಿದ್ದಾರಾ ಅಂತ.

ಹಾಗಾಗಿ ವಾರಂಟಿ ಇರುವಷ್ಟು ಕಾಲ ಆಯಿಲ್ ಸರ್ವಿಸ್ ಹುಬ್ಬಳ್ಳಿಯಲ್ಲೇ ಮಾಡಿಸಿ, ಮಾಮೂಲಿ ಓಡಿಸುವವರಿಗೆ ವರ್ಷಕ್ಕೆ ಒಂದು ಸಲ, ಅದೇ ದಿನ ಹುಬ್ಬಳ್ಳಿಯ ಬೇರೆ ಕೆಲಸ ಇಟ್ಕೊಳ್ಳಿ. ಬ್ರೇಕ್ ಪ್ಯಾಡ್, ಪಂಕ್ಚರ್, ವೈಪರ್ ನಿಮ್ಮ ಮೆಕ್ಯಾನಿಕ್ ಹತ್ರ ಮಾಡಿಸಿ, ಹೇಗೂ ಅದು ವಾರಂಟಿಯಲ್ಲಿ ಇಲ್ಲ. ವೈರಿಂಗ್ ಮಾತ್ರ ಮುಟ್ಟಿಸ್ಬೇಡಿ. ಹಾರ್ನ್ ಜೋರು ಬೇಕು, ಲೈಟು ಜಾಸ್ತಿ ಬೇಕು ಅಂತ ವೈರು ಕತ್ತರಿಸಿ ಟೇಪು ಸುತ್ತಿದ್ರೆ ಅಲ್ಲಿಗೆ ಎಲೆಕ್ಟ್ರಿಕಲ್ ಕ್ಲೈಮ್ ಮುಗೀತು, ಅದು ನಮಗೆ ಬಾನೆಟ್ ತೆಗೆದ ಕೂಡ್ಲೇ ಕಾಣ್ತದೆ.

ಶಿರಸಿ_ಅಡಿಕೆ

ಅಪ್ಡೇಟ್. ನಿನ್ನೆ ಹುಬ್ಬಳ್ಳಿಗೆ ಹೋಗಿದ್ವಿ, ಅಪ್ಪ ಅಮ್ಮ ನಾನು. ವಾರಂಟಿ ಪುಸ್ತಕ ಕೇಳಿ ಅಲ್ಲೇ ಸೋಫಾದಲ್ಲಿ ಕೂತು ಪೂರ್ತಿ ಓದಿದೆ, ಸೇಲ್ಸ್ ಹುಡುಗ ಎರಡು ಸಲ ಚಾ ತಂದ್ಕೊಟ್ಟ ಪಾಪ. ಟೆಸ್ಟ್ ಡ್ರೈವಿಗೆ ಉಣಕಲ್ ಕಡೆ ಒಂದು ಏರಲ್ಲಿ ನಿಲ್ಸಿ ಎತ್ತಿ ನೋಡಿದೆ, ಮೂರು ಜನಕ್ಕೆ ಏನೂ ತೊಂದ್ರೆ ಅನ್ಸಿಲ್ಲ. ಸಾದಾ ಎಂಜಿನ್, ಮ್ಯಾನ್ಯುಯಲ್, ಬುಕ್ ಮಾಡಿದೀನಿ. ಎಕ್ಸ್‌ಟೆಂಡೆಡ್ ವಾರಂಟಿಗೆ ಮಾತ್ರ ಅವತ್ತೇ ಸೈನ್ ಹಾಕಿಲ್ಲ, ಯಾವ ವರ್ಷ ಏನು ಕವರ್ ಅಂತ ಮೇಲ್ ಮಾಡಿ ಅಂದಿದೀನಿ, ಅದು ಬಂದ್ಮೇಲೆ ನೋಡೋಣ. ಭಾವನಿಗೆ ಇನ್ನೂ ಹೇಳಿಲ್ಲ.

ಸ್ಪ್ಯಾನರ್ ಸರ್, ನಂಗೀಗ ಕಂಪನಿ ಓಡಿಹೋಗೋದಕ್ಕಿಂತ ಜಾಸ್ತಿ ಹೆದರಿಕೆ ಇಲಿದು. ನಮ್ಮಲ್ಲಿ ಕಾರು ನಿಲ್ಲಿಸೋದು ಕೊಟ್ಟಿಗೆ ಪಕ್ಕ, ಆ ಕಡೆ ಹಿಂಡಿ ಚೀಲ, ಈ ಕಡೆ ಹುಲ್ಲಿನ ಬಣವೆ.

ಕುಡ್ಲದ_ಸ್ಪ್ಯಾನರ್

ಅಯ್ಯೋ ದೇವರೇ, ಇಲಿಗೆ ನೀವು ಊಟ ಬಡಿಸಿ ಹಾಸಿಗೆ ಹಾಸಿ ಇಟ್ಟಿದ್ದೀರಿ. ಮೊದಲು ಹಿಂಡಿ ಚೀಲ ಬೇರೆ ಕಡೆ ಇಡಿ. ಬಾನೆಟ್ ಒಳಗೆ ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡ್ತಾರೆ, ಕೆಲವು ಇಲಿ ಹೋಗ್ತದೆ ಕೆಲವು ಹೋಗುದಿಲ್ಲ, ಬಿಸಿ ತಾಗುವ ಜಾಗದಲ್ಲಿ ಇಡ್ಬೇಡಿ. ಎರಡು ದಿನಕ್ಕೊಮ್ಮೆಯಾದ್ರೂ ಗಾಡಿ ಸ್ಟಾರ್ಟ್ ಮಾಡಿ ಒಂದು ಸುತ್ತು ಹೋಗಿ ಬನ್ನಿ. ಮತ್ತೆ ಇನ್ಶೂರೆನ್ಸ್ ಮಾಡ್ಸುವಾಗ ಇಲಿ ಕಚ್ಚಿದ್ದಕ್ಕೆ ಕೊಡ್ತೀರಾ ಅಂತ ಕೇಳಿ ಇಟ್ಕೊಳ್ಳಿ, ಆ ಉತ್ತರವೂ ಮೇಲ್‌ನಲ್ಲೇ ಬರ್ಲಿ.

ಹುಬ್ಳಿ_ಮಂದಿ

ಬೆಕ್ಕ ಸಾಕ್ರಿ. ಅದಕ್ಕ ಸರ್ವಿಸ್ ಸೆಂಟರ್ ಬೇಕಾಗಿಲ್ಲ.